ರೈತ ಸಮುದಾಯದ ಪ್ರಗತಿಯನ್ನು ಅಳೆಯಲು ಸರಾಸರಿ ಆದಾಯವೊಂದೇ ಸಾಕೇ?

ಸಾಲದು. ಆದಾಯ ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿಂದ ಬಂತು ಅನ್ನುವುದನ್ನು ಮೊದಲು ನೋಡಬೇಕು.

ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ದೇಶದ ಕೃಷಿ ಕುಟುಂಬವೊಂದರ ಸರಾಸರಿ ತಿಂಗಳ ಆದಾಯ 2012–13ರಲ್ಲಿ 6,426 ರೂಪಾಯಿ ಇತ್ತು. 2018–19ರಲ್ಲಿ 10,218 ಆಯಿತು. ಮೇಲ್ನೋಟಕ್ಕೆ ಭೇಷ್! ಒಳಗೆ ಇಣುಕಿದರೆ ಕಥೆ ಬೇರೆ. ಬೆಳೆಯಿಂದ ಬಂದದ್ದು 3,081ರಿಂದ 3,798ಕ್ಕೆ ಏರಿದರೆ, ಕೂಲಿ-ಸಂಬಳ 2,071ರಿಂದ 4,063ಕ್ಕೆ ಜಿಗಿದಿದೆ. ಬೆಲೆಯೇರಿಕೆಯನ್ನು ಕಳೆದು ನೋಡಿದರೆ ಬೆಳೆಯ ಆದಾಯ ಇಳಿದೇ ಇದೆ. ಹೆಸರಿಗೆ ರೈತ, ಹೊಟ್ಟೆ ತುಂಬುವುದು ಕೂಲಿಯಿಂದ.

ಹಣದಾಚೆಗಿನದನ್ನೂ ಅಳೆಯಲು ಒಂದು ಮಾದರಿ ನಮ್ಮಲ್ಲೇ ಇದೆ. ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಕೃಷಿ, ಶಿಕ್ಷಣ, ಆರೋಗ್ಯ, ರಸ್ತೆ, ಬ್ಯಾಂಕು ಮುಂತಾದ 35 ಸೂಚಕಗಳನ್ನು ಬೆರೆಸಿ ಪ್ರತಿ ತಾಲ್ಲೂಕಿಗೂ ಒಂದು ಸೂಚ್ಯಂಕ ಕೊಟ್ಟಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿದ್ದರೆ ಹಿಂದುಳಿದ ತಾಲ್ಲೂಕು. ಆಗಿನ 175ರಲ್ಲಿ 114 ಹೀಗೆ ಪಟ್ಟಿಗೆ ಬಿದ್ದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು.

ಇದರಲ್ಲೂ ಒಂದು ತೊಡಕಿದೆ. ಕಾಲುವೆ ನೀರು ಕಂಡ ಊರೂ ಮಳೆ ನಂಬಿದ ಊರೂ ಒಂದೇ ತಾಲ್ಲೂಕಿನಲ್ಲಿದ್ದರೆ ಸರಾಸರಿ ಎರಡನ್ನೂ ಮರೆಮಾಚುತ್ತದೆ. ಹಾಗಾಗಿ ಹಳ್ಳಿಯ ಮಟ್ಟದಲ್ಲಿ ನಾನಾದರೆ ಬೇರೆಯದನ್ನೇ ಕೇಳುತ್ತೇನೆ: ಸುಗ್ಗಿ ಮುಗಿದ ಮೇಲೆ ಎಷ್ಟು ಮನೆಗೆ ಬೀಗ ಬೀಳುತ್ತದೆ? ಬಿತ್ತನೆಗೆ ಸಾಲ ಸಹಕಾರ ಸಂಘದಿಂದಲೋ, ಬಡ್ಡಿ ಸಾಹುಕಾರನಿಂದಲೋ? ಹತ್ತನೇ ತರಗತಿ ದಾಟಿದ ಹುಡುಗಿಯರು ಎಷ್ಟು? ಐದು ವರ್ಷ ಬಿಟ್ಟು ಅದೇ ಮನೆಗಳಿಗೆ ಹೋಗಿ ಮತ್ತೆ ಇದನ್ನೇ ಕೇಳಬೇಕು.