ಸಂಪಾದಕರ ಉತ್ತರ: ಅಣ್ವಸ್ತ್ರ ಮಾತುಕತೆ ಬರೀ ನಾಟಕಾನಾ?

ನಮಸ್ಕಾರ. ಅಮೆರಿಕ, ರಷ್ಯಾ ಎರಡೂ ಐವತ್ತು ವರ್ಷದಿಂದ ಮಾತಾಡ್ತಾನೇ ಇದಾವೆ, ಬಾಂಬು ಮಾತ್ರ ಇನ್ನೂ ಸಾವಿರಗಟ್ಟಲೆ ಇದೆ, ಇದೆಲ್ಲ ಬರೀ ನಾಟಕ ಅಂತ ಬರ್ದಿದೀರಾ. ಸಿಟ್ಟು ಅರ್ಥ ಆಗತ್ತೆ ಸಾರ್, ಆದ್ರೆ ನಾಟಕ ಅನ್ನೋದನ್ನ ನಾನು ಒಪ್ಪಲ್ಲ. ಮಾತುಕತೆಗೆ ಕೂತೋರು ಬಾಂಬೇ ಇಲ್ದಂಗೆ ಮಾಡ್ತೀವಿ ಅಂತ ಹೊರಟಿದ್ದೇ ಅಪರೂಪ (1986ರಲ್ಲಿ ರೇಕ್ಯಾವಿಕ್‌ನಲ್ಲಿ ಅಮೆರಿಕದ ಅಧ್ಯಕ್ಷ ರೇಗನ್, ಸೋವಿಯತ್ (ಆಗಿನ ರಷ್ಯಾ ಒಕ್ಕೂಟ) ನಾಯಕ ಗೊರ್ಬಚೆವ್ ಅಲ್ಲೀವರ್ಗೂ ಹೋಗಿದ್ರು, ಬರೋ ಕ್ಷಿಪಣಿನ ತಡೆಯೋ ಅಮೆರಿಕದ ಸ್ಟಾರ್ ವಾರ್ಸ್ ಯೋಜನೆ ವಿಷ್ಯಕ್ಕೆ ಮುರಿದುಬಿತ್ತು). ಅವರ ತಲೆನೋವೇ ಬೇರೆ. ಎದುರಿನವನು ಮೊದಲೇ ಹೊಡೆದು ನಮ್ಮ ಕ್ಷಿಪಣಿಗಳನ್ನೆಲ್ಲ ಮುಗಿಸ್ಬಿಟ್ರೆ ಅನ್ನೋ ಭಯ ಇದ್ರೆ, ಗಲಾಟೆ ಟೈಮಲ್ಲಿ ಇಬ್ಬರಿಗೂ ನಾವೇ ಮೊದಲು ಹೊಡೆಯೋಣ ಅನ್ಸತ್ತೆ, ಆ ಅವಸರ ಕಮ್ಮಿ ಮಾಡೋದೇ ಅಸಲು ಕೆಲಸ.

1972ರಲ್ಲಿ ಅಮೆರಿಕದ ನಿಕ್ಸನ್, ಸೋವಿಯತ್ ನಾಯಕ ಬ್ರೆಜ್ನೆವ್ ಮಾಸ್ಕೋದಲ್ಲಿ ಸೈನ್ ಹಾಕಿದ ಎಬಿಎಂ ಒಪ್ಪಂದ ನೋಡಿ, ಅದು ಮಿತಿ ಹಾಕಿದ್ದು ಬರೋ ಕ್ಷಿಪಣಿನ ತಡೆಯೋ ವ್ಯವಸ್ಥೆಗೆ. ರಕ್ಷಣೆಗೇ ಕಡಿವಾಣ! ಯಾಕಂದ್ರೆ ಒಬ್ಬನ ಕೈಗೆ ಗಟ್ಟಿ ಗುರಾಣಿ ಬಂದ್ರೆ ಇನ್ನೊಬ್ಬ ಸುಮ್ನಿರ್ತಾನಾ, ಅದನ್ನ ದಾಟಕ್ಕೆ ಅಂತ ಇನ್ನಷ್ಟು ಕ್ಷಿಪಣಿ ಮಾಡ್ತಾನೆ. ಅದೇ ದಿನ ಸೈನ್ ಆದ ಸಾಲ್ಟ್ ಅನ್ನೋ ಇನ್ನೊಂದು ಒಪ್ಪಂದದಲ್ಲಿ ಕ್ಷಿಪಣಿ ಹಾರಿಸೋ ಲಾಂಚರ್‌ಗಳಿಗೆ ಮಿತಿ ಹಾಕಿದ್ರು, ಒಂದು ಕ್ಷಿಪಣಿ ಮೇಲೆ ಎಷ್ಟು ಸಿಡಿತಲೆ (ತುದಿಲಿರೋ ಬಾಂಬು) ಇರ್ಬೋದು ಅಂತ ಮಾತ್ರ ಹೇಳ್ಲಿಲ್ಲ, ಇಬ್ರೂ ತುಂಬಿದ್ದೇ ತುಂಬಿದ್ದು. ಇಲ್ಲಿ ನಿಮ್ಮ ಸಿಟ್ಟು ಸರಿ.

ನನಗೆ ಇಷ್ಟ ಆಗೋದು 1987ರ ಐಎನ್ಎಫ್ ಒಪ್ಪಂದ. 500ರಿಂದ 5,500 ಕಿಲೋಮೀಟರ್ ಹಾರೋ, ನೆಲದಿಂದ ಬಿಡೋ ಕ್ಷಿಪಣಿ ಒಂದೂ ಇರಂಗಿಲ್ಲ ಅಂತ. 1991ರೊಳಗೆ 2,692 ಕ್ಷಿಪಣಿ ನಾಶ ಆಯ್ತು, ಸೋವಿಯತ್‌ದು 1,846, ಅಮೆರಿಕದ್ದು 846. ಸೋವಿಯತ್‌ನೋರು ಎರಡರಷ್ಟಕ್ಕಿಂತ ಜಾಸ್ತಿ ಕಳ್ಕೊಂಡ್ರೂ ಒಪ್ಪಿದ್ರು, ಯಾಕಂದ್ರೆ ಪಶ್ಚಿಮ ಜರ್ಮನಿಲಿದ್ದ ಅಮೆರಿಕದ ಪರ್ಶಿಂಗ್-2 ಕ್ಷಿಪಣಿ ನಿಮಿಷಗಳಲ್ಲಿ ಅವ್ರ ಮನೆಬಾಗ್ಲಿಗೆ ಬರ್ತಿತ್ತು, ಯೋಚ್ನೆ ಮಾಡಕ್ಕೂ ಟೈಮಿಲ್ಲ. ಆಮೇಲೆ ರಷ್ಯಾದ ವೋಟ್ಕಿನ್ಸ್ಕ್ (ಸಂಗೀತಗಾರ ಚೈಕೊವ್ಸ್ಕಿ ಹುಟ್ಟಿದೂರು!) ಕ್ಷಿಪಣಿ ಕಾರ್ಖಾನೆ ಗೇಟಲ್ಲಿ ಅಮೆರಿಕದ ಇನ್‌ಸ್ಪೆಕ್ಟರ್‌ಗಳು ವರ್ಷಾನುಗಟ್ಟಲೆ ಬೀಡುಬಿಟ್ಟು, ಹೊರಗೆ ಬರೋ ರೈಲ್ವೆ ವ್ಯಾಗನ್ ಅಳತೆ ಮಾಡಿ, ಬೇಕಾದ್ರೆ ಎಕ್ಸ್‌ರೇನೂ ತೆಗೀತಿದ್ರು. ನಿಷೇಧ ಆದ ಸೋವಿಯತ್ ಕ್ಷಿಪಣಿ ಎಸ್ಎಸ್-20ರ ಮೊದಲ ಹಂತ (ಕೆಳಗಿನ ರಾಕೆಟ್ ಭಾಗ), ಅನುಮತಿ ಇದ್ದ ಎಸ್ಎಸ್-25ರದ್ದಕ್ಕೆ ತುಂಬಾ ಹೋಲ್ತಿತ್ತು, ಅದಕ್ಕೇ ಇಷ್ಟು ಪಾಡು. ಸೋವಿಯತ್‌ನೋರು ಹಾಗೇ ಅಮೆರಿಕದ ಯೂಟಾದಲ್ಲಿ ಕಾರ್ಖಾನೆ ಕಾಯ್ತಿದ್ರು. ಊಹೆ ಮಾಡೋ ಬದ್ಲು ಕಣ್ಣಲ್ಲಿ ನೋಡೋದು, ಅಷ್ಟೇ.

ಈಗಿನ ಕಥೆ ಬೇಜಾರಿಂದು. ಎಬಿಎಂ 2002ರಲ್ಲಿ ಹೋಯ್ತು, ಐಎನ್ಎಫ್ 2019ರಲ್ಲಿ. ದೂರ ಹಾರೋ ಅಣ್ವಸ್ತ್ರಗಳಿಗೆ ಮಿತಿ ಹಾಕಿದ 2010ರ ನ್ಯೂ ಸ್ಟಾರ್ಟ್ ಒಪ್ಪಂದದಲ್ಲಿ ವರ್ಷಕ್ಕೆ 18 ತಪಾಸಣೆಗೆ ಅವಕಾಶ ಇತ್ತು, 2020ರಲ್ಲಿ ಕೊರೊನಾ ಅಂತ ನಿಲ್ಸಿದೋರು ಮತ್ತೆ ಶುರು ಮಾಡ್ಲೇ ಇಲ್ಲ, 2023ರಲ್ಲಿ ಪುಟಿನ್ ಒಪ್ಪಂದಾನೇ ಅಮಾನತಲ್ಲಿಟ್ರು. ಬೈಯೋದಾದ್ರೆ ಇದಕ್ಕೆ ಬೈಯಿರಿ ಸಾರ್, ನಾನೂ ಜೊತೆಗಿರ್ತೀನಿ.

– ಸಂ.