ಡೌನ್‌ಲೋಡ್ ಅರ್ಧಕ್ಕೇ ನಿಂತರೆ

ಪ್ರಶ್ನೆ: ಐದೂವರೆ ಜಿಬಿಯ ಯಕ್ಷಗಾನದ ವಿಡಿಯೊವನ್ನು ನೇರವಾಗಿ 32 ಜಿಬಿ ಪೆನ್‌ಡ್ರೈವ್‌ಗೆ ಇಳಿಸುತ್ತಿದ್ದೇನೆ. ಡ್ರೈವ್ ಬಹುಪಾಲು ಖಾಲಿ, ನೆಟ್ ಕೂಡ ಚೆನ್ನಾಗಿದೆ. ಆದರೂ ಪ್ರತಿ ಸಲ 4 ಜಿಬಿ ಹತ್ತಿರ ಬಂದು ಫೇಲ್ ಆಗುತ್ತದೆ. ಏಕೆ?
– ಓದುಗರು, ಹೊನ್ನಾವರ

ಉತ್ತರ: ನೆಟ್ ಬದಲಿಸಿ ಪ್ರಯೋಜನವಿಲ್ಲ, ತಡೆ ಇರುವುದು ಪೆನ್‌ಡ್ರೈವ್‌ನಲ್ಲೇ. ಈ ಗಾತ್ರದ ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ (ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಕ್ರಮ) ಬರುತ್ತವೆ. ಅದರಲ್ಲಿ ಒಂದು ಫೈಲಿನ ಗಾತ್ರವನ್ನು ಗುರುತಿಡಲು ಇರುವುದು 32 ಬಿಟ್ ಮಾತ್ರ. ಹಾಗಾಗಿ ಒಂದು ಫೈಲು 4,29,49,67,295 ಬೈಟ್ ದಾಟುವಂತಿಲ್ಲ, ಜಾಗ ಎಷ್ಟೇ ಉಳಿದಿರಲಿ.

ಖಚಿತಪಡಿಸಿಕೊಳ್ಳಲು ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ. ‘ಫೈಲ್ ಸಿಸ್ಟಮ್’ ಎದುರು ಫ್ಯಾಟ್32 ಎಂದಿರುತ್ತದೆ. ಡ್ರೈವ್‌ನಲ್ಲಿರುವುದನ್ನೆಲ್ಲ ಮೊದಲು ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ, ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆ. ಮತ್ತೆ ರೈಟ್ ಕ್ಲಿಕ್ ಮಾಡಿ ‘ಫಾರ್ಮ್ಯಾಟ್’ ಒತ್ತಿ, ಈ 4 ಜಿಬಿ ತಡೆ ಇಲ್ಲದ ಎಕ್ಸ್‌ಫ್ಯಾಟ್ ಆರಿಸಿ. ಆದರೆ ಹಳೆಯ ಟಿವಿಗಳಲ್ಲಿ ಎಷ್ಟೋ ಎಕ್ಸ್‌ಫ್ಯಾಟ್ ಓದುವುದಿಲ್ಲ. ಅಂಥ ಟಿವಿಯಲ್ಲಿ ನೋಡುವುದಾದರೆ ಫಾರ್ಮ್ಯಾಟ್ ಗೋಜಿಗೆ ಹೋಗದೆ, ಅದೇ ವಿಡಿಯೊದ 720ಪಿ ಪ್ರತಿ ಸಿಕ್ಕಿ ಅದು 4 ಜಿಬಿಯೊಳಗಿದ್ದರೆ ಅದನ್ನೇ ಇಳಿಸಿಕೊಳ್ಳಿ.

ಪ್ರಶ್ನೆ: ಕ್ರೋಮ್‌ನಲ್ಲಿ ವಿಡಿಯೊ ಶೇ 90ರಷ್ಟು ಇಳಿದು ನಿಂತಿತು. ಫೈಲಿನ ಹೆಸರಿನ ಕೊನೆಯ ‘ಸಿಆರ್‌ಡೌನ್‌ಲೋಡ್’ ತೆಗೆದು ಎಂಪಿ4 ಎಂದು ಬದಲಿಸಿದರೂ ಓಡುತ್ತಿಲ್ಲ.
– ಓದುಗರು, ಗದಗ

ಉತ್ತರ: ಯಾವ ದೃಶ್ಯ ಫೈಲಿನ ಎಲ್ಲಿದೆ ಎಂಬ ಸೂಚಿ ಎಷ್ಟೋ ಎಂಪಿ4 ಫೈಲುಗಳಲ್ಲಿ ಕಟ್ಟಕಡೆಗೆ ಇರುತ್ತದೆ. ಕೊನೆಯ ಭಾಗ ಬಾರದಿದ್ದರೆ ಪ್ಲೇಯರ್‌ಗೆ ಉಳಿದದ್ದರ ತಲೆಬುಡ ತಿಳಿಯದು. ಹೆಸರು ಬದಲಿಸಬೇಡಿ, ಬದಲಿಸಿದರೆ ಕ್ರೋಮ್‌ಗೆ ಆ ಫೈಲ್ ಸಿಗದೆ ಮುಂದುವರಿಸುವ ದಾರಿಯೂ ಮುಚ್ಚುತ್ತದೆ. ಕಂಟ್ರೋಲ್ ಮತ್ತು ಜೆ ಕೀ ಒಟ್ಟಿಗೆ ಒತ್ತಿ, ಆ ಡೌನ್‌ಲೋಡ್ ಎದುರಿನ ‘ರೆಸ್ಯೂಮ್’ ಒತ್ತಿ. ನಿಂತಲ್ಲಿಂದ ಕೊಡಲು ಸರ್ವರ್ ಒಪ್ಪದಿದ್ದರೆ ಸೊನ್ನೆಯಿಂದಲೇ ಶುರುವಾಗುತ್ತದೆ. ‘ಫರ್ಬಿಡನ್’ ಎಂದು ಬಂದರೆ ಬಹುಮಟ್ಟಿಗೆ ಲಿಂಕಿನ ಅವಧಿ ಮುಗಿದಿದೆ ಎಂದರ್ಥ. ಕೆಲವು ತಾಣಗಳ ಲಿಂಕ್ ಕೆಲವೇ ಗಂಟೆ ಬಾಳುತ್ತದೆ. ವಿಡಿಯೊದ ಪುಟಕ್ಕೇ ಮರಳಿ ಹೊಸ ಲಿಂಕ್ ಪಡೆಯಿರಿ.

ಪ್ರಶ್ನೆ: ಯೂಟ್ಯೂಬ್ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ ವಿಡಿಯೊ ಗ್ಯಾಲರಿಯಲ್ಲಿ ಕಾಣುವುದೇ ಇಲ್ಲ.
– ಓದುಗರು, ಕೋಲಾರ

ಉತ್ತರ: ಕಾಣುವುದೂ ಇಲ್ಲ. ಅದು ಆ್ಯಪ್‌ನೊಳಗೆ ಮಾತ್ರ ತೆರೆದುಕೊಳ್ಳುವಂತೆ ಬೀಗ ಹಾಕಿಟ್ಟ ಪ್ರತಿ. ಆ್ಯಪ್‌ನ ‘ಡೌನ್‌ಲೋಡ್ಸ್’ ವಿಭಾಗದಲ್ಲಿ ನೋಡಿ, ಮತ್ತು ಆಗಾಗ ಫೋನಿಗೆ ನೆಟ್ ಕೊಡಿ. ಬಹಳ ದಿನ ಆಫ್‌ಲೈನ್ ಇಟ್ಟರೆ ಅದು ಓಡುವುದೂ ನಿಲ್ಲುತ್ತದೆ.