ದೇವರನ್ನು ನಂಬಿದರೂ 'ಜನ ಏನಂತಾರೋ' ಅನ್ನುವ ಭಯ ಹೋಗುತ್ತಿಲ್ಲ, ಏನು ಮಾಡಲಿ?

ನಂಬಿಕೆ ಇರುವವರಿಗೂ ಈ ಭಯ ಬರುತ್ತದೆ, ಅದಕ್ಕೆ ನಾಚಿಕೊಳ್ಳಬೇಕಿಲ್ಲ. ನಾಲ್ಕು ಜನರ ನಡುವೆ ಬದುಕುವಾಗ ಅವರ ಮಾತು ತಟ್ಟೇ ತಟ್ಟುತ್ತದೆ. ಸುಮ್ನೆ ಆಡಿಕೊಳ್ಳುವವರಿಗೆ ನಾಳೆ ಬೇರೆ ಯಾರೋ ಸಿಗುತ್ತಾರೆ, ಅಲ್ವಾ? ಆದರೂ ಎದೆ ಕೇಳುವುದಿಲ್ಲ.

ಮೀಟಿಂಗಿನಲ್ಲಿ ಯಾರೋ ತೋರಿಸುತ್ತಿರುವ ಲೆಕ್ಕ ತಪ್ಪು ಅಂತ ನಿಮಗೆ ಗೊತ್ತು ಅಂದುಕೊಳ್ಳಿ. ಬಾಯಿ ತೆರೆಯುವಷ್ಟರಲ್ಲಿ ಗಂಟಲು ಕಟ್ಟುತ್ತದೆ, ಫೋನು ನೋಡುವವರಂತೆ ತಲೆ ತಗ್ಗಿಸುತ್ತೀರಿ. ಆಗ 'ದೇವರೇ, ಯಾರೂ ನಗದಿರಲಿ' ಅಂತ ಬೇಡಿಕೊಂಡರೆ ಭಯ ಇನ್ನೂ ಜಾಸ್ತಿ. ಗಮನವೆಲ್ಲ ಜನರ ಮೇಲೇ ಇರುತ್ತದಲ್ಲ! ಅದರ ಬದಲು 'ದೇವರೇ, ನಾನು ಇದನ್ನು ಹೇಳುವುದು ನಿನಗೆ ಸರಿ ಕಾಣುತ್ತದಾ?' ಅಂತ ಮಾತ್ರ ಕೇಳಿ. ಸರಿ ಅನಿಸಿದರೆ ಒಂದು ವಾಕ್ಯ ಹೇಳಿಬಿಡಿ. ಧ್ವನಿ ನಡುಗಿದರೆ ನಡುಗಲಿ.

ಬೈಬಲಿನ ಜ್ಞಾನೋಕ್ತಿಗಳು 29:25 ಮನುಷ್ಯರ ಭಯವನ್ನು ಉರುಲು ಎನ್ನುತ್ತದೆ. ಭಗವದ್ಗೀತೆಯ 12ನೇ ಅಧ್ಯಾಯದಲ್ಲಿ ನಿಂದೆ, ಹೊಗಳಿಕೆ ಎರಡನ್ನೂ ಸಮನಾಗಿ ಕಾಣುವ ಭಕ್ತನ ಮಾತು ಬರುತ್ತದೆ. ಹೊಗಳಿಕೆಯನ್ನೂ ಸೇರಿಸಿರುವುದು ನನಗೆ ಮುಖ್ಯ ಅನಿಸುತ್ತದೆ. ಅದಕ್ಕೆ ಹಾತೊರೆಯುವಷ್ಟು ದಿನ ಬೈಗುಳಕ್ಕೂ ಹೆದರುತ್ತಲೇ ಇರುತ್ತೇವೆ.

ಹಾಗಂತ ದೇವರ ಹೆಸರಲ್ಲಿ ಕಿವಿ ಮುಚ್ಚಿಕೊಳ್ಳಬೇಡಿ. ನಿಮ್ಮ ಒಳ್ಳೆಯದನ್ನು ಬಯಸುವವರು ತಪ್ಪು ತೋರಿಸಿದರೆ ಕೇಳಿಸಿಕೊಳ್ಳಿ, ತಿದ್ದಿಕೊಳ್ಳಿ.